ದೀಪಾವಳಿಯ ರಜೆ ಯಾರ ಪಾಲಿಗೆ?

ದೀಪಾವಳಿ ಸಮೀಪಿಸಿತೆಂದರೆ ವಾಗ್ಳೆ ಎಸ್ಟೇಟಿನ ಕನ್ನಡಿಗರಲ್ಲಿ ಒಂದು ಪ್ರಶ್ನೆಯು ಬಾಯಿಂದ ಬಾಯಿಗೆ ಹರಿದಾಡತೊಡಗುತ್ತದೆ. 'ಈ ಸಲ ಊರಿಗುಂಟೋ?' ಎಂದು ಕರಾವಳಿಯವರು ಕೇಳುತ್ತಾರೆ. 'ಹಬ್ಬಕ್ಕ ಊರಿಗೆ ಹೊಂಟೀರೇನು?' ಎಂದು ವಿಜಯಪುರ ಕಲಬುರಗಿಗಳ ಕಡೆಯವರು ಕೇಳುತ್ತಾರೆ. ಪ್ರಶ್ನೆ ಒಂದೇ, ಉತ್ತರಗಳು ಮಾತ್ರ ಹಲವು. ಎರಡು ತಿಂಗಳ ಮೊದಲೇ ಟಿಕೇಟು ತೆಗೆದಿಟ್ಟವನ ಉತ್ತರ ಒಂದು, ಯಜಮಾನರ ಮುಖ ನೋಡಿ ರಜೆ ಕೇಳಬೇಕಾದವನ ಉತ್ತರ ಇನ್ನೊಂದು, ಅಂದಿನ ಕೂಲಿ ಅಂದಿಗೇ ಮುಗಿಯುವವನ ಉತ್ತರ ಮತ್ತೊಂದು. ಪಂಚಾಂಗದಲ್ಲಿ ಎಲ್ಲರಿಗೂ ಒಂದೇ ದಿನ ಬರುವ ಹಬ್ಬವು ಬದುಕಿನಲ್ಲಿ ಎಲ್ಲರ ಮನೆಗೂ ಒಂದೇ ದಿನ ಬರುವುದಿಲ್ಲ. ಕೆಲವರ ಮನೆಗೆ ಬರುವುದೇ ಇಲ್ಲ. ಈ ಮಾತನ್ನು ಹಬ್ಬದ ಸಡಗರ ಆರಂಭವಾಗುವ ಮೊದಲೇ ನಮ್ಮ ಸಮಾಜದ ಮುಂದೆ ಇಡುವುದು ಉಚಿತವೆಂದು ನಮಗೆ ತೋರುತ್ತದೆ.

ಈ ಪ್ರದೇಶದ ಹುಟ್ಟನ್ನು ಸ್ವಲ್ಪ ನೆನೆಯುವುದು ಇಲ್ಲಿ ಅವಶ್ಯಕ. 1962ರ ಆಗಸ್ಟ್ 1ರಂದು ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ನಿಗಮವು ಸ್ಥಾಪನೆಯಾಯಿತು. ಅದರ ಕೈಯಲ್ಲಿ ಮೊದಲು ರೂಪುಗೊಂಡ ಕೈಗಾರಿಕಾ ಕ್ಷೇತ್ರವೇ ನಮ್ಮ ವಾಗ್ಳೆ ಎಸ್ಟೇಟು. ಯಂತ್ರಗಳು ಬಂದವು; ಯಂತ್ರಗಳ ಹಿಂದೆ ಕೆಲಸಗಾರರು ಬಂದರು; ಕೆಲಸಗಾರರ ಹಿಂದೆ ಅವರಿಗೆ ಚಹಾ, ತಿಂಡಿ, ಊಟ ನೀಡುವವರು ಬಂದರು. ಕಿಸಾನ್ ನಗರ, ಶ್ರೀನಗರ, ಲೋಕಮಾನ್ಯ ನಗರಗಳ ಚಾಳುಗಳಲ್ಲಿ ಮರಾಠಿಯ ಜೊತೆಗೆ ತುಳು ಕನ್ನಡಗಳೂ ಕೇಳಿಬರತೊಡಗಿದವು. ಮುಂದೆ ಹಲವು ಕಾರ್ಖಾನೆಗಳು ಮುಚ್ಚಿದವು. ಅವುಗಳ ನೆಲದ ಮೇಲೆ ಗಾಜಿನ ಗೋಡೆಯ ಕಚೇರಿಗಳು ಎದ್ದವು. ಆ ಕಟ್ಟಡಗಳನ್ನು ಕಟ್ಟಲು ಬಂದ ಗಾರೆಯ ಕೆಲಸಗಾರರಲ್ಲಿಯೂ ನಮ್ಮವರಿದ್ದರು, ಅವುಗಳೊಳಗೆ ಕಂಪ್ಯೂಟರಿನ ಮುಂದೆ ಕುಳಿತವರಲ್ಲಿಯೂ ನಮ್ಮವರಿದ್ದಾರೆ. ಒಂದೇ ರಸ್ತೆಯ ಅಂತರದಲ್ಲಿ ಇಷ್ಟು ಬಗೆಯ ಕನ್ನಡಿಗರು ನೆಲೆಸಿರುವಾಗ ಅವರ ದೀಪಾವಳಿಯೂ ಬಗೆಬಗೆಯಾದುದರಲ್ಲಿ ಆಶ್ಚರ್ಯವಿಲ್ಲ.

ತುಳುನಾಡಿನಿಂದ ಬಂದವರಿಗೆ ಇದು 'ಪರ್ಬ'. ಬೇರೆ ಹಬ್ಬಗಳಿಗೆಲ್ಲ ಹೆಸರು ಬೇಕು, ಇದಕ್ಕೆ ಹಬ್ಬವೆಂಬುದೇ ಹೆಸರು. ಹಿಂದಿನ ರಾತ್ರಿ ಹಂಡೆಗೆ ನೀರು ತುಂಬುವುದರಿಂದ ಅದು ಮೊದಲಾಗುತ್ತದೆ. ನರಕಚತುರ್ದಶಿಯ ನಸುಕಿನಲ್ಲಿ ಹಿರಿಯರ ಕೈಯಿಂದ ತಲೆಗೆ ಎಣ್ಣೆ, ಬಿಸಿನೀರಿನ ಸ್ನಾನ, ಉದ್ದಿನ ದೋಸೆ, ಸಿಹಿ ಅವಲಕ್ಕಿ. ಮುಂದೆ ಬಲೀಂದ್ರನ ಪೂಜೆ: ಅಂಗಳದಲ್ಲಿ ಮರವನ್ನು ನೆಟ್ಟು, ದೀಪವಿಟ್ಟು, ಗದ್ದೆಯ ಅಂಚಿನಲ್ಲಿ ನಿಂತು ಆ ಅರಸನನ್ನು 'ಕೂ' ಎಂದು ಕೂಗಿ ಕರೆಯುವ ಸಂಪ್ರದಾಯ. ತನ್ನ ರಾಜ್ಯವನ್ನು ಬಿಟ್ಟು ಪಾತಾಳಕ್ಕೆ ಹೋಗಬೇಕಾಗಿ ಬಂದ ಬಲಿಯು ವರ್ಷಕ್ಕೊಮ್ಮೆ ತನ್ನ ನೆಲವನ್ನೂ ತನ್ನ ಜನರನ್ನೂ ಕಾಣಲು ಬರುತ್ತಾನೆಂಬುದು ಅದರ ಹಿಂದಿನ ನಂಬಿಕೆ. ನಮ್ಮ ನೆರೆಯ ಮರಾಠಿ ಮನೆಗಳಲ್ಲಿಯೂ ಪಾಡ್ಯದ ದಿನ ಬಲಿಯ ರಾಜ್ಯ ಮರಳಿ ಬರಲೆಂದು ಹಾರೈಸುತ್ತಾರೆ. ಕೇರಳದವರು ಇದೇ ಅರಸನನ್ನು ಓಣಂ ಹಬ್ಬದಲ್ಲಿ ಎದುರುಗೊಳ್ಳುತ್ತಾರೆ. ಹೊಟ್ಟೆಪಾಡಿಗಾಗಿ ಊರನ್ನು ಬಿಟ್ಟು ಬಂದವನಿಗೆ ಈ ಕಥೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ರಾಜ್ಯವನ್ನೇ ಕಳೆದುಕೊಂಡ ಬಲಿಗೂ ವರ್ಷಕ್ಕೊಮ್ಮೆ ಊರು ಕಾಣುವ ಹಕ್ಕು ಉಳಿದಿತ್ತು. ನಮ್ಮ ಹೋಟೆಲಿನ ಮಾಣಿಗೆ ಆ ಹಕ್ಕು ಉಂಟೆ ಎಂಬುದೇ ಇಂದಿನ ಪ್ರಶ್ನೆ.

ಬಯಲುಸೀಮೆಯಿಂದ ಬಂದವರಿಗೆ ಹಬ್ಬದ ಕಳೆ ದಸರೆಯಿಂದಲೇ ಏರತೊಡಗುತ್ತದೆ. ವಿಜಯದಶಮಿಯಂದು ಬನ್ನಿಯ ಎಲೆಯನ್ನು ಬಂಗಾರವೆಂದು ಕೈಗಿಟ್ಟು, ಹಿರಿಯರ ಕಾಲಿಗೆರಗಿ, ವರ್ಷದ ಮನಸ್ತಾಪಗಳನ್ನು ಮರೆಯುವ ಪದ್ಧತಿ ಅವರದು. ಇಲ್ಲಿ ಆಪಟಾ ಮರದ ಎಲೆಯನ್ನು ಅದೇ ಬಂಗಾರವೆಂದು ಹಂಚುವುದನ್ನು ಕಂಡು ಅವರಿಗೆ ಪರಸ್ಥಳವೂ ಸ್ವಲ್ಪ ಸ್ವಂತವೆನಿಸುತ್ತದೆ. ದೀಪಾವಳಿಯ ಪಾಡ್ಯಕ್ಕೆ ಊರಿನಲ್ಲಿ ಹೆಂಗಸರು ಸಗಣಿಯಲ್ಲಿ ಪಾಂಡವರನ್ನು ಮಾಡಿ, ಹೂವಿಟ್ಟು ಪೂಜಿಸುತ್ತಾರೆ. ದನವಿಲ್ಲದ, ಹಟ್ಟಿಯಿಲ್ಲದ, ಬಾಗಿಲ ಮುಂದೆ ಒಂದು ಮೊಳ ಮಣ್ಣಿನ ನೆಲವೂ ಇಲ್ಲದ ಚಾಳಿನ ಖೋಲಿಯಲ್ಲಿ ಈ ಪೂಜೆಯನ್ನು ಎಲ್ಲಿ ಮಾಡಬೇಕು? ಅನೇಕರು ಇಲ್ಲಿ ದೀಪವನ್ನಷ್ಟೇ ಹಚ್ಚಿ, ಪೂಜೆಯನ್ನು ಊರಿನಲ್ಲಿರುವ ತಾಯಿಗೆ ಬಿಟ್ಟುಕೊಟ್ಟಿದ್ದಾರೆ.

ಗಾರೆಯ ಕೆಲಸಕ್ಕೂ ರಸ್ತೆಯ ಕೆಲಸಕ್ಕೂ ಬರುವ ಲಂಬಾಣಿ ಕುಟುಂಬಗಳ ಸಂಗತಿ ಇನ್ನೂ ವಿಚಾರಾರ್ಹವಾದುದು. ಅವರ ತಾಂಡೆಗಳಲ್ಲಿ ಅಮಾವಾಸ್ಯೆಯ ರಾತ್ರಿ ಮದುವೆಯಾಗದ ಹೆಣ್ಣುಮಕ್ಕಳು ದೀಪವನ್ನು ಹಿಡಿದು ಮನೆಮನೆಗೆ ಹೋಗಿ ಹಿರಿಯರನ್ನು ಹಾಡಿ ಹರಸುತ್ತಾರೆ. ಇದನ್ನು 'ಮೇರಾ' ಎನ್ನುತ್ತಾರೆ. ಮದುವೆಯಾದ ಮೇಲೆ ಆ ಸಾಲಿನಲ್ಲಿ ಹುಡುಗಿಗೆ ಸ್ಥಾನವಿಲ್ಲ. ಆದ್ದರಿಂದ ಒಂದು ವರ್ಷದ ದೀಪಾವಳಿ ತಪ್ಪಿತೆಂದರೆ, ಮುಂದಿನ ವರ್ಷ ನೋಡೋಣವೆಂದು ಅವಳಿಗೆ ಸಮಾಧಾನ ಹೇಳುವಂತಿಲ್ಲ. ಕಟ್ಟಡದ ಕೆಲಸ ಮುಗಿಯುವವರೆಗೆ ಊರಿಗೆ ಹೋಗುವಂತಿಲ್ಲವೆಂದು ಮುಕಾದಮನು ಹೇಳುವಾಗ, ತಾನು ಕಸಿದುಕೊಳ್ಳುತ್ತಿರುವುದು ಎರಡು ದಿನದ ಪ್ರವಾಸವನ್ನಲ್ಲ, ಒಂದು ಹುಡುಗಿಯ ಬಾಳಿನಲ್ಲಿ ಮತ್ತೆ ಬಾರದ ಒಂದು ರಾತ್ರಿಯನ್ನು ಎಂಬುದು ಅವನಿಗೆ ತಿಳಿದಿರಬೇಕು.

ಹಳೆಯ ಮೈಸೂರಿನ ಕಡೆಯಿಂದ ಬಂದು ಕಚೇರಿಗಳಲ್ಲಿ ಉದ್ಯೋಗದಲ್ಲಿರುವವರಿಗೆ ದೀಪಾವಳಿಯೆಂದರೆ ಮಗಳು ಅಳಿಯಂದಿರನ್ನು ಮನೆಗೆ ಕರೆಯುವ ಹಬ್ಬ. ಇಂಥವರಲ್ಲಿ ಅನೇಕರು ಈಗ ಆ ನಾಲ್ಕು ದಿನಗಳ ರಜೆಯನ್ನು ಪ್ರವಾಸಕ್ಕೆ ಮೀಸಲಿಡುತ್ತಾರೆ. ಇದನ್ನು ಕಂಡು ಸಂಪ್ರದಾಯ ಕೆಟ್ಟಿತೆಂದು ಮರುಗುವವರುಂಟು. ನಾವು ಹಾಗೆ ಮರುಗುವುದಿಲ್ಲ. ವರ್ಷವಿಡೀ ಒಬ್ಬರ ಮುಖವನ್ನೊಬ್ಬರು ನೆಟ್ಟಗೆ ನೋಡಲು ಬಿಡುವಿಲ್ಲದ ಗಂಡ ಹೆಂಡಿರು ಮಕ್ಕಳೊಡನೆ ನಾಲ್ಕು ದಿನ ಕೂಡಿ ಕಳೆದರೆ ಹಬ್ಬದ ಉದ್ದೇಶವು ಬಹುಮಟ್ಟಿಗೆ ನೆರವೇರಿದಂತೆಯೇ ಸರಿ. ಮಂಗಳೂರಿನ ಕ್ರೈಸ್ತ ಬಂಧುಗಳ ಮಾತನ್ನೂ ಇಲ್ಲಿ ಹೇಳಬೇಕು. ಅವರ ಕುಟುಂಬದ ಹಬ್ಬ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್. ಇಗರ್ಜಿಯಲ್ಲಿ ಹರಸಿದ ಹೊಸ ತೆನೆಯ ಕಾಳನ್ನು ಮನೆಯವರೆಲ್ಲರೂ ಕೂಡಿ ಸೇವಿಸುತ್ತಾರೆ, ದೂರದಲ್ಲಿರುವವರಿಗೂ ಅದನ್ನು ಕಳುಹಿಸಿಕೊಡುತ್ತಾರೆ. ಆದರೆ ಅಂದು ಎಸ್ಟೇಟಿಗೆ ರಜೆಯಿಲ್ಲ. ಎಸ್ಟೇಟಿಗೆ ರಜೆಯಿರುವ ದೀಪಾವಳಿಯಲ್ಲಿ ಅವರಿಗೆ ಹಬ್ಬವಿಲ್ಲ. ಹಬ್ಬವಿದ್ದವನಿಗೆ ರಜೆಯಿಲ್ಲ, ರಜೆಯಿದ್ದವನಿಗೆ ಹಬ್ಬವಿಲ್ಲವೆಂಬ ಈ ಸಂಕಟವು ಮುಸಲ್ಮಾನ ಕೆಲಸಗಾರರಿಗೂ ಹೊಸದಲ್ಲ.

ಮಕ್ಕಳ ದೀಪಾವಳಿ ಇನ್ನೊಂದು ಬಗೆಯದು. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಮರಾಠಿ ಗೆಳೆಯರೊಡನೆ ಕಟ್ಟಡದ ಮೂಲೆಯಲ್ಲಿ ಮಣ್ಣಿನ ಕಿಲ್ಲೆಯನ್ನು ಕಟ್ಟಿ, ಅದರ ಮೇಲೆ ಶಿವಾಜಿ ಮಹಾರಾಜರ ಬೊಂಬೆಯನ್ನಿಡುತ್ತಾರೆ. ಬಾಗಿಲಿಗೆ ಆಕಾಶ ಕಂದೀಲನ್ನು ತೂಗಿಬಿಡುತ್ತಾರೆ. ನೆರೆಮನೆಯ ಫರಾಳದ ತಟ್ಟೆಗೆ ಪ್ರತಿಯಾಗಿ ತಾಯಿಯ ಚಕ್ಕುಲಿಯನ್ನು ಕೊಂಡೊಯ್ಯುತ್ತಾರೆ. ಇದು ಅವರ ಊರು, ಇದು ಅವರ ಹಬ್ಬ. ಇದರಿಂದ ಕನ್ನಡತನಕ್ಕೆ ಕುಂದು ಬಂದಿತೆಂದು ನಾವು ಎಣಿಸುವುದಿಲ್ಲ. ಕುಂದು ಬರುವುದು ಬೇರೊಂದು ಕಡೆಯಿಂದ. ಮಹಾರಾಷ್ಟ್ರದ ಶಾಲೆಗಳಿಗೆ ದೀರ್ಘ ರಜೆ ದೀಪಾವಳಿಯಲ್ಲಿ. ಕರ್ನಾಟಕದ ಶಾಲೆಗಳಿಗೆ ದಸರೆಯಲ್ಲಿ. ಇಲ್ಲಿಯ ಮಕ್ಕಳು ಅಜ್ಜಿಯ ಮನೆಗೆ ಹೋಗಿ ತಲುಪಿ, ಹಬ್ಬದ ಎರಡು ಮೂರು ದಿನಗಳು ಕಳೆದವೋ ಇಲ್ಲವೋ, ಅಲ್ಲಿಯ ಅಣ್ಣ ತಂಗಿಯರು ಚೀಲ ಹೆಗಲಿಗೇರಿಸಿ ಶಾಲೆಗೆ ಹೊರಟಿರುತ್ತಾರೆ. ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ಒಬ್ಬರನ್ನೊಬ್ಬರು ಚೆನ್ನಾಗಿ ಅರಿಯದೆಯೇ ದೊಡ್ಡವರಾಗುವುದಕ್ಕೆ ಈ ಸಣ್ಣ ವ್ಯತ್ಯಾಸವೂ ಒಂದು ಕಾರಣವಾಗಿದೆ.

ಇನ್ನು ಗೃಹಿಣಿಯರ ಮಾತು. ಹಬ್ಬವೆಂದರೆ ಮನೆಯವರಿಗೆಲ್ಲ ವಿಶ್ರಾಂತಿಯೆಂದು ಹೇಳುವಾಗ ಆ 'ಎಲ್ಲ'ರಲ್ಲಿ ಮನೆಯೊಡತಿಯನ್ನು ಸೇರಿಸಲು ನಾವು ಮರೆಯುತ್ತೇವೆ. ಗಂಡನ ಕಾರ್ಖಾನೆ ಮುಚ್ಚಿದ ದಿನವೇ ಆಕೆಯ ಒಲೆ ಎರಡರಷ್ಟು ಉರಿಯುತ್ತದೆ. ಕಾರ್ಖಾನೆಯಲ್ಲೋ ಕಚೇರಿಯಲ್ಲೋ ತಾನೂ ದುಡಿಯುವವಳಾದರೆ ರಜೆಯೆಂಬುದು ಆಕೆಗೆ ಒಂದು ದುಡಿಮೆಯಿಂದ ಇನ್ನೊಂದು ದುಡಿಮೆಗೆ ಆದ ವರ್ಗಾವಣೆ ಮಾತ್ರ. ನರಕಚತುರ್ದಶಿಯ ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು ನೀರು ಕಾಯಿಸಿದವಳ ತಲೆಗೆ ಎಣ್ಣೆಯಿಡುವವರು ಯಾರು? ಇದನ್ನು ಸರಿಪಡಿಸಲು ಯಾವ ಕಾಯಿದೆಯೂ ಬೇಕಾಗಿಲ್ಲ. ಮನೆಯ ಗಂಡಸರು ತೋಳು ಮಡಚಿದರೆ ಸಾಕು.

ಆದರೆ ಮನೆಯೇ ಇಲ್ಲಿ ಇಲ್ಲದವರ ಗತಿಯೇನು? ಹೋಟೆಲಿನ ಮಾಣಿ, ಅಡುಗೆಯವ, ಪಾತ್ರೆ ತೊಳೆಯುವ ಹುಡುಗ, ಕಟ್ಟಡದ ಕಾವಲುಗಾರ, ನಾಕಾದಲ್ಲಿ ಬೆಳಗ್ಗೆ ಕೆಲಸಕ್ಕಾಗಿ ಕಾದು ನಿಲ್ಲುವ ಕೂಲಿಯಾಳು, ಇವರೆಲ್ಲರ ದುಡಿಮೆಯಿಂದ ನಮ್ಮ ಹಬ್ಬ ಸುಗಮವಾಗಿ ಸಾಗುತ್ತದೆ. ಅವರ ಹಬ್ಬ ಮಾತ್ರ ಸಾಗುವುದಿಲ್ಲ. ಮುಂಬಯಿಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗಾಗಿ ನಮ್ಮ ಹಿರಿಯರು ಕನ್ನಡ ರಾತ್ರಿಶಾಲೆಗಳನ್ನು ತೆರೆದರು. ದುಡಿಯುವ ಹುಡುಗನಿಗೆ ಅಕ್ಷರವೂ ಬೇಕೆಂದು ಅವರು ಕಂಡುಕೊಂಡಂತೆ, ಆತನಿಗೆ ಹಬ್ಬವೂ ಬೇಕೆಂಬುದನ್ನು ನಾವು ಇಂದು ಕಂಡುಕೊಳ್ಳಬೇಕಾಗಿದೆ.

ಕಾಯಿದೆಯು ಏನನ್ನೂ ಹೇಳಿಲ್ಲವೆಂದಲ್ಲ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯು ತನ್ನ ವ್ಯಾಪ್ತಿಯ ಕೆಲಸಗಾರನಿಗೆ ವರ್ಷಕ್ಕೆ ಸಂಬಳ ಸಹಿತವಾದ 8 ಹಬ್ಬದ ರಜೆಗಳನ್ನು ಕೊಟ್ಟಿದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಎಂಬ ನಾಲ್ಕು ದಿನಗಳು ಅದರಲ್ಲಿ ನಿಶ್ಚಿತವಾದವು. ಉಳಿದ ನಾಲ್ಕನ್ನು ಯಜಮಾನರೂ ಕೆಲಸಗಾರರೂ ವರ್ಷಾರಂಭಕ್ಕೆ ಮೊದಲೇ ಕೂಡಿ ಮಾತನಾಡಿ ಗೊತ್ತುಪಡಿಸಿಕೊಳ್ಳಬೇಕು. ಹೋಟೆಲುಗಳೂ ಈ ಕಾಯಿದೆಯ ಸಂಸ್ಥೆಗಳಲ್ಲಿ ಸೇರಿವೆ. ಕೂಡಿ ಮಾತನಾಡಬೇಕೆಂಬ ಈ ಒಂದು ಮಾತು ನಮ್ಮ ಎಷ್ಟು ಹೋಟೆಲುಗಳಲ್ಲಿ ನಡೆಯುತ್ತಿದೆಯೆಂದು ಯಜಮಾನರು ತಮ್ಮನ್ನೇ ಕೇಳಿಕೊಳ್ಳಲಿ. ಸಣ್ಣ ಸಂಸ್ಥೆಗಳು ಕಾಯಿದೆಯ ಪರಿಧಿಯ ಹೊರಗುಳಿಯುತ್ತವೆ, ನಿಜ. ಕೈಯಳತೆಯ ಜನರಿಂದ ನಡೆಯುವ ಹೋಟೆಲಿಗೆ ಅದು ಅನ್ವಯಿಸದಿರಬಹುದು. ಬೋನಸಿನ ವಿಷಯವೂ ಹಾಗೆಯೇ. ಕನಿಷ್ಠವೆಂದರೂ ನೂರಕ್ಕೆ 8.33, ಅಂದರೆ ವರ್ಷದ ಗಳಿಕೆಯ ಹನ್ನೆರಡನೆಯ ಒಂದು ಪಾಲು ಬೋನಸ್ ಸಲ್ಲಬೇಕೆಂಬ ನಿಯಮವು 20 ಅಥವಾ ಅದಕ್ಕಿಂತ ಹೆಚ್ಚು ಜನರು ದುಡಿಯುವ ಸಂಸ್ಥೆಗಳಿಗಾಗಿ ಇರುವುದು. ಕಾರ್ಖಾನೆಯ ಕೆಲಸಗಾರನ ಮನೆಯಲ್ಲಿ ಹೊಸ ಬಟ್ಟೆ ಬರುವುದು ಆ ಹಣದಿಂದ. ನಾಕಾದ ಕೂಲಿಯವನಿಗೆ ಬೋನಸೂ ಇಲ್ಲ, ರಜೆಯ ದಿನದ ಕೂಲಿಯೂ ಇಲ್ಲ. ಆತನ ಪಾಲಿಗೆ ದೀಪಾವಳಿಯೆಂದರೆ ನಾಲ್ಕು ದಿನ ಕೆಲಸ ನಿಲ್ಲುವ ಕಾಲ.

ರಜೆಯು ಸಿಕ್ಕಿದರೆ ಸಾಲದು, ಅದು ಸಿಗುವುದೆಂಬುದು ಮೊದಲೇ ತಿಳಿದಿರಬೇಕು. 1998ರ ಜನವರಿ 26ರಂದು ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆದಂದಿನಿಂದ ಥಾಣೆಯಲ್ಲಿ ಮತ್ಸ್ಯಗಂಧವನ್ನು ಹತ್ತಿದವನು ಮರುದಿನ ಊರಿನ ಮಣ್ಣನ್ನು ಮೆಟ್ಟುವಂತಾಗಿದೆ. ಬಯಲುಸೀಮೆಯವರಿಗೆ ಕಲ್ಯಾಣದಿಂದ ಸೊಲ್ಲಾಪುರದ ಮಾರ್ಗವಾಗಿ ಹೋಗುವ ಗಾಡಿಗಳಿವೆ. ಆದರೆ ಹಬ್ಬದ ಕಾಲದಲ್ಲಿ ಅವುಗಳಲ್ಲಿ ಸ್ಥಳ ಸಿಗುವುದು ಎಷ್ಟು ಕಷ್ಟವೆಂಬುದು ಎಲ್ಲರಿಗೂ ಅನುಭವವಿರುವ ಸಂಗತಿ. 2024ರ ನವೆಂಬರ್ 1ರಿಂದ ಜಾರಿಗೆ ಬಂದ ನಿಯಮದಂತೆ 60 ದಿನಗಳ ಮೊದಲು ಟಿಕೇಟನ್ನು ಕಾದಿರಿಸಬಹುದು. ತನಗೆ ರಜೆಯುಂಟೋ ಇಲ್ಲವೋ ಎಂಬುದು ಹಬ್ಬದ ವಾರದಲ್ಲಿ ಮಾತ್ರ ತಿಳಿಯುವ ಹುಡುಗನಿಗೆ ಈ 60 ದಿನಗಳಿಂದ ಏನು ಪ್ರಯೋಜನ? ಕೊನೆಯ ಗಳಿಗೆಯಲ್ಲಿ 'ಹೋಗಿ ಬಾ' ಎಂದು ಯಜಮಾನರು ಉದಾರವಾಗಿ ಹೇಳಿದರೂ ಆತನು ಖಾಸಗಿ ಬಸ್ಸಿಗೆ ಹೆಚ್ಚಿನ ಹಣ ತೆರಬೇಕು, ಇಲ್ಲವೆ ಜನರಲ್ ಡಬ್ಬಿಯ ಬಾಗಿಲಲ್ಲಿ ನಿಂತುಕೊಂಡು ಹೋಗಬೇಕು. ತಡವಾಗಿ ಕೊಟ್ಟ ರಜೆ ಅರ್ಧ ರಜೆಯೇ ಸರಿ.

ಹೋಟೆಲು ಯಜಮಾನರ ಪಕ್ಷವನ್ನೂ ನಾವು ಕೇಳದೆ ಬಿಡುವುದಿಲ್ಲ. ಅವರಲ್ಲಿ ಬಹುಮಂದಿ ತಾವೂ ಒಂದು ಕಾಲದಲ್ಲಿ ಮಾಣಿಗಳಾಗಿ ಬಂದವರು; ಊರಿನ ಪರ್ಬವನ್ನು ತಾವೂ ಕಳೆದುಕೊಂಡವರು. ಬಾಡಿಗೆ, ವಿದ್ಯುತ್ತು, ಸಾಲದ ಬಡ್ಡಿಗಳಿಗೆ ಹಬ್ಬವಿಲ್ಲ. ಹಬ್ಬದ ದಿನಗಳಲ್ಲಿ ಗಿರಾಕಿಗಳು ಹೆಚ್ಚುತ್ತಾರೆ. ಊರಿಗೆ ಹೋದ ಹುಡುಗರು ಹೇಳಿದ ದಿನ ಮರಳಿ ಬರುವುದಿಲ್ಲ. ಇವು ಅವರು ಹೇಳುವ ಕಾರಣಗಳು. ಇವುಗಳಲ್ಲಿ ಸತ್ಯಾಂಶವಿದೆ. ಪೇಟೆಯ ನಡುವೆ, ರೈಲು ನಿಲ್ದಾಣದ ಬಳಿ ಇರುವ ಹೋಟೆಲು ಹಬ್ಬದಂದು ಮುಚ್ಚಲೇಬೇಕೆಂದು ನಾವು ಹೇಳಲಾರೆವು. ಆದರೆ ವಾಗ್ಳೆ ಎಸ್ಟೇಟಿನ ಒಳರಸ್ತೆಗಳ ಹೋಟೆಲುಗಳ ಸ್ಥಿತಿ ಬೇರೆ. ಅಲ್ಲಿಯ ಗಿರಾಕಿಗಳೆಂದರೆ ಸುತ್ತಣ ಕಾರ್ಖಾನೆ ಕಚೇರಿಗಳ ಕೆಲಸಗಾರರೇ. ಕಾರ್ಖಾನೆಯ ಗೇಟಿಗೆ ಬೀಗ ಬಿದ್ದ ದಿನ ಅದರೆದುರಿನ ಹೋಟೆಲು ಯಾರಿಗಾಗಿ ತೆರೆದಿರಬೇಕು? ಬಾರದ ಗಿರಾಕಿಗಾಗಿ ಹುಡುಗರನ್ನು ಕಾಯಿಸುವುದರಿಂದ ಲಾಭವೂ ಇಲ್ಲ, ಪುಣ್ಯವೂ ಇಲ್ಲ. ಎಲ್ಲರೂ ಒಮ್ಮೆಗೇ ಹೋಗುವುದು ಸಾಧ್ಯವಿಲ್ಲದ ಕಡೆ ಸರದಿಯನ್ನು ಏರ್ಪಡಿಸಬಹುದು: ಈ ವರ್ಷ ದಸರೆಗೆ ಹೋದವನು ದೀಪಾವಳಿಗೆ ನಿಲ್ಲಲಿ, ಮುಂದಿನ ವರ್ಷ ಅದು ತಿರುಗಲಿ. ಹಬ್ಬವಿಲ್ಲದವರಾದ ಜೊತೆಗಾರರು ಅಂದು ಕೆಲಸ ನೋಡಿಕೊಂಡರೆ, ಅವರ ಈದಿಗೂ ಕ್ರಿಸ್ಮಸಿಗೂ ಮೊಂತಿ ಹಬ್ಬಕ್ಕೂ ಉಳಿದವರು ಅದೇ ಉಪಕಾರವನ್ನು ಸಲ್ಲಿಸಲಿ. ಹೇಳಿದ ದಿನ ಮರಳಿ ಬರುವುದು ಕೆಲಸಗಾರನ ಕರ್ತವ್ಯ. ಮಾತು ಕೊಟ್ಟು ತಪ್ಪಿದವನು ಮುಂದಿನ ಹುಡುಗನ ರಜೆಗೆ ಕಲ್ಲು ಹಾಕಿದಂತೆ ಎಂಬುದನ್ನು ಅವರೂ ಮನಗಾಣಬೇಕು.

ನಮ್ಮ ಕನ್ನಡ ಸಂಘಗಳ ಹೊಣೆಯೂ ಇಲ್ಲಿ ಇಲ್ಲದಿಲ್ಲ. ದಸರೆಯಿಂದ ದೀಪಾವಳಿಯವರೆಗಿನ ದಿನಗಳಲ್ಲಿ, ಮತ್ತೆ ನವೆಂಬರ್ 1ರ ರಾಜ್ಯೋತ್ಸವದಂದು, ಸಂಘಗಳು ನಾಟಕ, ಯಕ್ಷಗಾನ, ಸನ್ಮಾನಗಳನ್ನು ಏರ್ಪಡಿಸುತ್ತವೆ, ಭೂರಿಭೋಜನವೂ ಇರುತ್ತದೆ. ಆ ಊಟದ ಪಂಕ್ತಿಯಲ್ಲಿ ಕುಳಿತವರಾರು, ಬಡಿಸುವವರಾರು ಎಂಬುದನ್ನು ಒಮ್ಮೆ ನೋಡಿದರೆ ಸಾಕು. ಹೋಟೆಲಿನ ಹುಡುಗರಿಗೆ ಬಿಡುವಾಗುವ ಹೊತ್ತನ್ನು ಅರಿತು ಒಂದು ಕಾರ್ಯಕ್ರಮವನ್ನಾದರೂ ಇಟ್ಟುಕೊಳ್ಳಬಾರದೆ? ನಾಕಾದ ಬಳಿಯ ಬಿಡಾರಗಳಲ್ಲಿರುವ ಕನ್ನಡ ಮಕ್ಕಳಿಗಾಗಿ ಒಂದು ಸಂಜೆಯನ್ನು ಮೀಸಲಿಡಬಾರದೆ? ಸನ್ಮಾನಕ್ಕೆ ಕೊಳ್ಳುವ ಶಾಲುಗಳಲ್ಲಿ ಕೆಲವನ್ನು ಕಡಿಮೆ ಮಾಡಿದರೆ, ಊರಿಗೆ ಹೋಗಲು ಹಣವಿಲ್ಲದ ಎಷ್ಟೋ ಮಂದಿಗೆ ರೈಲಿನ ಟಿಕೇಟು ಒದಗೀತು.

ನಾವು ಸೂಚಿಸುವುದು ದೊಡ್ಡ ಸುಧಾರಣೆಯನ್ನೇನೂ ಅಲ್ಲ. ಪ್ರತಿ ಹೋಟೆಲಿನಲ್ಲಿಯೂ, ಕಾಯಿದೆ ಅನ್ವಯಿಸಲಿ ಬಿಡಲಿ, ವರ್ಷ ಮೊದಲಾಗುವುದಕ್ಕೆ ಮುಂಚೆ ಯಜಮಾನರು ಹುಡುಗರನ್ನು ಕೂಡಿಸಿಕೊಂಡು ನಾಲ್ಕು ಹಬ್ಬಗಳನ್ನು ಗೊತ್ತುಮಾಡಲಿ. ಅದನ್ನು ಬರೆದು ಗೋಡೆಗೆ ಅಂಟಿಸಲಿ. ಊರಿಗೆ ಹೋಗುವ ಸರದಿ ಯಾರದೆಂಬುದನ್ನು ಟಿಕೇಟಿನ ಕಿಟಕಿ ತೆರೆಯುವ ಮೊದಲು, ಅಂದರೆ ಹಬ್ಬಕ್ಕೆ ಎರಡು ತಿಂಗಳಿರುವಾಗಲೇ, ತಿಳಿಸಲಿ. ಕೂಲಿಯಾಳುಗಳ ಲೆಕ್ಕವನ್ನು ಮುಕಾದಮರು ಹಬ್ಬಕ್ಕೆ ಮೊದಲು ಚುಕ್ತಾ ಮಾಡಲಿ. ಬಾಕಿಯನ್ನು ಹಿಡಿದಿಟ್ಟುಕೊಂಡು ಮನುಷ್ಯರನ್ನು ಹಿಡಿದಿಟ್ಟುಕೊಳ್ಳುವ ಪದ್ಧತಿ ನಿಲ್ಲಲಿ. ಸಂಘಗಳು ಈ ಮೂರು ವಿಷಯಗಳನ್ನು ತಮ್ಮ ಸಭೆಗಳಲ್ಲಿ ಎತ್ತಲಿ. ಸಂಘಗಳ ವೇದಿಕೆಯಲ್ಲಿ ಹೋಟೆಲು ಉದ್ಯಮಿಗಳಿಗೆ ಗೌರವದ ಸ್ಥಾನವಿರುವುದರಿಂದ ಅಲ್ಲಿ ಆಡಿದ ಮಾತು ವ್ಯರ್ಥವಾಗಲಾರದು.

ದೀಪಾವಳಿಯು ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗಿ ತೋರುವುದು ಸಹಜ. ಅದರಲ್ಲಿ ಯಾವ ದೋಷವೂ ಇಲ್ಲ. ಒಬ್ಬನಿಗೆ ಬಲೀಂದ್ರ, ಒಬ್ಬಳಿಗೆ ಪಾಂಡವರು, ಒಬ್ಬರಿಗೆ ಅಳಿಯನ ಸತ್ಕಾರ, ಇನ್ನೊಬ್ಬರಿಗೆ ಕೇವಲ ಹೊತ್ತೇರುವವರೆಗೆ ಮಲಗುವ ಸುಖ. ಅರ್ಥವನ್ನು ಅವರವರು ಆರಿಸಿಕೊಳ್ಳಲಿ. ಆದರೆ ಆರಿಸಿಕೊಳ್ಳಲು ಮೊದಲು ದಿನವೊಂದು ಕೈಯಲ್ಲಿರಬೇಕಷ್ಟೆ. ಮುಂದಿನ ವರ್ಷದ ಕ್ಯಾಲೆಂಡರುಗಳು ಹೋಟೆಲಿನ ಗಲ್ಲದ ಹಿಂದಿನ ಗೋಡೆಯ ಮೇಲೆ ತೂಗಾಡುವ ಹೊತ್ತಿಗೆ, ಅದರಲ್ಲಿಯ ನಾಲ್ಕು ದಿನಗಳಿಗೆ ಯಜಮಾನರ ಕೈಯಿಂದ ಕೆಂಪು ಶಾಯಿಯ ಗುರುತು ಬಿದ್ದಿರಲಿ ಎಂದು ನಾವು ಹಾರೈಸುತ್ತೇವೆ.